ಗಾಜಿನ ತೊಟ್ಟಿಗೆ ಮಂಡಕ್ಕಿ

೪-೨-೬೩, ಸೋಮವಾರ

ಮತ್ತೆ ನೀರು ಬದಲಿಸಿದೆ. ವಾರದಲ್ಲಿ ಮೂರನೇ ಸಲ. ನಿನ್ನೆ ಹಿಡಿದು ಹಂಡೆಯಲ್ಲಿ ಇಟ್ಟಿದ್ದ ನೀರು — ನಲ್ಲಿಯದನ್ನು ನೇರ ಹಾಕಿದರೆ ಬ್ಲೀಚಿಂಗ್ ಪೌಡರಿಗೆ ಮೀನು ಸಾಯುತ್ತದೆ ಎಂದು ಜನಾರ್ದನ ಹೇಳಿದ್ದಾರೆ. ನಮ್ಮ ವಠಾರದವರೇ, ಕಾರ್ಖಾನೆಯ ಲ್ಯಾಬಿನಲ್ಲಿದ್ದವರು. ಡಿಸೆಂಬರಿನಲ್ಲಿ ಭಿಲಾಯಿಗೆ ಹೋಗುವಾಗ ಗಾಜಿನ ತೊಟ್ಟಿ, ಎರಡು ಗೋಲ್ಡ್ ಫಿಶ್ ನನ್ನ ತಲೆಗೆ ಕಟ್ಟಿದರು. "ಟೀಚರ್, ನೀವು ಶಿಸ್ತಿನವರು. ನಿಮ್ಮ ಹತ್ರ ಬದುಕ್ತಾವೆ."

ಎರಡು ತಿಂಗಳು ಚೆನ್ನಾಗಿದ್ದವು. ಈಗ ದೊಡ್ಡದು ಮೂಲೆಯಲ್ಲಿ ಓರೆಯಾಗಿ ನಿಲ್ಲುತ್ತದೆ. ಹೊಟ್ಟೆ ಊದಿದೆ.

ಅವ್ವ ದೂರದಿಂದಲೇ — "ಲಿಂಗಪೂಜೆ ಮಾಡೋ ಮನೇಲಿ ಮೀನು ಇಟ್ಕೊಂಡು ಒದ್ದಾಡ್ತೀಯಲ್ಲೇ ಮಾರಾಯ್ತಿ."

ಬೆನ್ನು ನೋವು. ಐದನೇ ಕ್ಲಾಸಿನ ಪೇಪರುಗಳು ಹಾಗೇ ಇವೆ.

೭-೨, ಗುರುವಾರ

ನೀರು ಮತ್ತೆ ಮಜ್ಜಿಗೆಯ ಹಾಗೆ. ವಾಸನೆ ಬೇರೆ. ಒಂದು ಚಮಚ ಉಪ್ಪು ಹಾಕಿ ನೋಡಿದೆ. ಪ್ರಯೋಜನವಿಲ್ಲ.

ಸಾರಿಗೂ ಉಪ್ಪು ಎರಡು ಸಲ ಬಿದ್ದಿತ್ತು. ಅವ್ವ ಹಾಕಿ ಮರೆತಳೋ, ನಾನೂ ಹಾಕಿದೆನೋ... ಬಿಸಿನೀರು ಬೆರೆಸಿಕೊಂಡು ಸುಮ್ಮನೆ ಉಂಡೆವು.

೧೦-೨, ಭಾನುವಾರ

ರೈಲಿನಲ್ಲಿ ಶಿವಮೊಗ್ಗಕ್ಕೆ. ಕೋಟೆ ಹತ್ತಿರ ಬಾಬು ಸಾಬರ ಅಂಗಡಿ. ಫೋಟೋಗಳಿಗೆ ಕಟ್ಟು ಹಾಕುತ್ತಾರೆ, ಮೀನನ್ನೂ ಸಾಕುತ್ತಾರೆ. ಅವರ ತೊಟ್ಟಿಯಲ್ಲಿ ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಹೊಟ್ಟೆಕಿಚ್ಚಾಯಿತು.

"ದಿನಕ್ಕೆ ಎಷ್ಟು ಸಲ ತಿನ್ನೋಕೆ ಹಾಕ್ತೀರಮ್ಮಾ?"

"ಬೆಳಿಗ್ಗೆ ಒಂದೇ ಸಲ. ಒಂದು ಚಿಟಿಕೆ ರವೆ."

"ಸುಳ್ಳು." ನಕ್ಕರು. "ಬೇಜಾರ್ ಮಾಡ್ಕೋಬೇಡಿ. ಹಸಿದು ಸತ್ತ ಮೀನು ನಾನು ನೋಡಿಲ್ಲ. ತಿಂದು ಸತ್ತವೇ ಎಲ್ಲ. ಮೂರು ದಿನ ಉಪವಾಸ ಕೆಡವಿ. ಪೂರಾ ನೀರು ಚೆಲ್ಲಬೇಡಿ, ಕಾಲು ಭಾಗ ತೆಗೆದ್ರೆ ಸಾಕು."

ಇಪ್ಪತ್ತು ವರ್ಷದಿಂದ ಟೀಚರ್ ಆಗಿರುವವಳಿಗೆ ಸುಳ್ಳು ಅನ್ನುವುದೇ. ಭದ್ರಾವತಿವರೆಗೂ ನಿಂತೇ ಬಂದೆ. ಕಾಲು ಸೋತಿದೆ.

೧೩-೨, ಬುಧವಾರ

ಮೂರು ದಿನ ಏನೂ ಹಾಕಿಲ್ಲ. ಆದರೂ ತಳದಲ್ಲಿ ಬಿಳಿ ಬಿಳಿ ಏನೋ ಕೊಳೆತಿದೆ. ಎಲ್ಲಿಂದ?

೧೬-೨, ಶನಿವಾರ, ಮಧ್ಯಾಹ್ನ

ಬೆಳಗಿನ ಸ್ಕೂಲು. ಹನ್ನೆರಡಕ್ಕೆ ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಅವ್ವ ಸ್ಟೂಲು ಎಳೆದುಕೊಂಡು ತೊಟ್ಟಿಯ ಮುಂದೆ ಕೂತಿದ್ದಾಳೆ. ಮಡಿಲಲ್ಲಿ ಮಂಡಕ್ಕಿ. ಒಂದೊಂದೇ ಹಾಕುತ್ತ ಮಾತಾಡುತ್ತಿದ್ದಾಳೆ — "ತಿನ್ನು ನನ್ನಪ್ಪ. ಅವಳಿಗೆ ಸ್ಕೂಲೇ ಸ್ಕೂಲು. ನಿಮ್ಮ ಹೊಟ್ಟೆ ನೋಡೋರ್ಯಾರು?"

"ಅವ್ವಾ!"

ಬೆಚ್ಚಲೂ ಇಲ್ಲ. "ಬೆಳಿಗ್ಗೆಯಿಂದ ಏನೂ ಹಾಕಿಲ್ಲ ಕಣೇ. ಪಾಪ, ಬಾಯಿಲ್ಲದ ಜೀವ."

ಪಕ್ಕದ ಮನೆಯ ನಂಜಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಹೊರಗೆ ಕರೆದು ಮೆಲ್ಲಗೆ — "ಇದು ನಾಲ್ಕನೇ ಸಲ ಕಣ್ರೀ ಟೀಚರ್. ದಿನಾ ಹಿಂಗೇ. ಹಾಕಿ ಒಳಗೆ ಹೋಗ್ತಾರೆ, ಮರೆತುಬಿಟ್ಟು ಮತ್ತೆ ಬಂದು ಹಾಕ್ತಾರೆ. ಊಟಾನೂ ಅಷ್ಟೇ. ಉಂಡೆ ಅಂತಾರೆ, ತಟ್ಟೆ ಒಣಗಿರತ್ತೆ. ನಿಮಗೆ ಗೊತ್ತಿರತ್ತೆ ಅಂತ ಸುಮ್ಮನಿದ್ದೆ."

ಗೊತ್ತಿರಲಿಲ್ಲ. ಹೊತ್ತುಹೊತ್ತಿಗೂ ಮೀನು ನೋಡಿದೆ. ಅವ್ವನನ್ನು ನೋಡಲಿಲ್ಲ.

೧೮-೨, ಸೋಮವಾರ

ದೊಡ್ಡದು ಸತ್ತಿತು. ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಹೂತೆ. ಅವ್ವ ವಿಭೂತಿ ತಂದಳು, ಮೀನಿಗೆ! ಹಣೆ ಎಲ್ಲಿದೆ ಎಂದು ಹುಡುಕಿದಳು. ನಗು ಬಂತು. ಆಮೇಲೆ ಬರಲಿಲ್ಲ.

೨೦-೨

"ಇನ್ನೊಂದೆಲ್ಲೇ ರಾಜಿ?"

ಸತ್ತುಹೋಯಿತು ಎಂದೆ. ಅತ್ತಳು. ಸಂಜೆ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಮತ್ತೆ ಅಷ್ಟೇ ಅಳು, ಹೊಚ್ಚ ಹೊಸದಾಗಿ.

೨೧-೨

ಐದು ಸಲ.

೨೪-೨, ಭಾನುವಾರ

ಜನಾರ್ದನ ಬಂದು ಒಯ್ದರು ಎಂದುಬಿಟ್ಟೆ. "ಒಳ್ಳೇದಾಯ್ತು. ಚೆನ್ನಾಗಿ ನೋಡ್ಕೋತಾರೆ." ಅಳಲಿಲ್ಲ. ಇಡೀ ದಿನ ಹಗುರಾಗಿದ್ದಳು. ನಾನು ಪಾತ್ರೆ ತೊಳೆಯುತ್ತ ಅತ್ತೆ.

೨-೩, ಶನಿವಾರ

ಮಂಡಕ್ಕಿ ಡಬ್ಬ ಬೀರುವಿನಲ್ಲಿ, ಬೀಗ ಹಾಕಿ. ಮಧ್ಯಾಹ್ನ ನಂಜಮ್ಮ ಬಂದು ಅವ್ವನನ್ನು ಊಟಕ್ಕೆ ಕೂರಿಸುತ್ತಾರೆ. ಬೆಳಿಗ್ಗೆ ಅವ್ವನ ಕೈಗೆ ನಾನೇ ಒಂದು ಚಿಟಿಕೆ ರವೆ ಕೊಡುತ್ತೇನೆ. ಇಬ್ಬರೂ ನಿಂತು ಹಾಕುತ್ತೇವೆ. ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಾಳೆ. ನೀರು ತಿಳಿಯಾಗಿದೆ. ಚಿಕ್ಕದು ನೆಟ್ಟಗೆ ಈಜುತ್ತಿದೆ.

ಶಿವಮೊಗ್ಗದಲ್ಲಿ ಹೆಡ್‌ಮಿಸ್ಟ್ರೆಸ್ ಹುದ್ದೆ ಇದೆ, ಹೋಗುತ್ತೀರಾ ಎಂದು ಆಫೀಸಿನಿಂದ ಕೇಳಿದ್ದರು. ಎಷ್ಟು ವರ್ಷ ಕಾದಿದ್ದೆ. ಆಗುವುದಿಲ್ಲ ಎಂದು ಬರೆದುಕೊಟ್ಟೆ. ಅವ್ವನಿಗೆ ಈ ಮನೆಯ ಬಾಗಿಲು, ಬಚ್ಚಲು ಇನ್ನೂ ನೆನಪಿವೆ. ಹೊಸ ಮನೆಯಲ್ಲಿ ಹುಡುಕಬೇಕಾಗುತ್ತದೆ.

೫-೩, ಮಂಗಳವಾರ, ಬೆಳಿಗ್ಗೆ

ಇವತ್ತು ಅವ್ವ ರವೆ ಹಾಕಲಿಲ್ಲ. ಹಿಡಿದುಕೊಂಡೇ ನಿಂತಳು. ಎಷ್ಟೋ ದಿನದ ಮೇಲೆ ನನ್ನ ಮುಖವನ್ನೇ ನೆಟ್ಟಗೆ ನೋಡಿದಳು.

"ಜನಾರ್ದನ ಒಯ್ದಿಲ್ಲ ಅಲ್ವೇನೇ? ನಾನೇ ಹಾಕಿ ಹಾಕಿ ಸಾಯಿಸ್ದೆ."

ಇಲ್ಲವ್ವ, ಅವರೇ ಒಯ್ದರು ಎಂದೆ.

"ನಿಜ ಹೇಳು ರಾಜಿ. ನಾಳೆ ನಂಗೆ ನೆನಪಿರಲ್ಲ. ಈಗ ಹೇಳಿಬಿಡು."

ಹೌದವ್ವ, ಎಂದೆ.

ಅಳಲಿಲ್ಲ. ರವೆಯನ್ನು ನನ್ನ ಅಂಗೈಗೆ ಸುರಿದು ಬೆರಳು ಮಡಿಸಿದಳು. "ಇನ್ಮೇಲೆ ನೀನೇ ಹಾಕು. ನಾನು ಎಷ್ಟು ಕೇಳಿದ್ರೂ ನನ್ನ ಕೈಗೆ ಕೊಡಬೇಡ. ಬೈದ್ರೂ ಕೊಡಬೇಡ."

ಸ್ಕೂಲಿಗೆ ಹೊತ್ತಾಯಿತು. ಬಾಗಿಲ ಹತ್ತಿರ ಬೆಳಕಿಗೆ ಕೂತಿದ್ದಾಳೆ, ಕೂದಲು ಬಿಚ್ಚಿಕೊಂಡು, ಬಾಚಣಿಗೆ ನನ್ನ ಕಡೆ ಚಾಚಿ. ತಡವಾದರೆ ಆಗಲಿ, ಮೊದಲು ಅವ್ವನ ಜಡೆ.