ಬೇಡವೆಂದದ್ದು ನಾನಲ್ಲ

ಆನ್‌ಲೈನ್ ಅಂಗಡಿಯ ಆರ್ಡರ್ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಬಳಿ ಇಲ್ಲದ ವಾಕರೊಂದನ್ನು ಇಪ್ಪತ್ತು ದಿನಗಳಲ್ಲಿ ನನಗೆ ಮೂರು ಸಲ ಮಾರಿದ್ದೀರಿ, ಮೂರು ಸಲವೂ ರದ್ದು ಮಾಡಿದ್ದೀರಿ. ಹಣ ಚುಕ್ತಾ ವಾಪಸ್ ಬಂದಿದೆ. ಅದರ ಬಗ್ಗೆ ತಕರಾರಿಲ್ಲ, 'ಹಣ ಮರಳಿಸಿದ್ದೇವೆ' ಎಂಬ ಸಮಾಧಾನವನ್ನು ದಯವಿಟ್ಟು ಮತ್ತೆ ಕಳಿಸಬೇಡಿ. ನನ್ನ ತಕರಾರು ನೀವು ರದ್ದತಿಗೆ ಕೊಟ್ಟ ಕಾರಣದ್ದು. ಅದರಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಎದುರು ಹೇಳಬೇಕಾಗಿ ಬಂದಿದೆ.

ವಾಕರ್ ನನ್ನ ತಾಯಿಗೆ. ವಯಸ್ಸು ಎಪ್ಪತ್ತೊಂಬತ್ತು, ಎತ್ತರ ನಾಲ್ಕಡಿ ಐದು ಇಂಚು. ನಮ್ಮೂರ ಔಷಧಿ ಅಂಗಡಿಗಳಲ್ಲಿ ಸಿಗುವ ವಾಕರುಗಳನ್ನು ಸೇನಾಧಿಪತಿಗಳಿಗೆಂದೇ ಮಾಡಿಸಿದಂತಿದೆ. ಕೊನೆಯ ತೂತಿಗೆ ಇಳಿಸಿದರೂ ಹಿಡಿ ಅವಳ ಎದೆಮಟ್ಟಕ್ಕೆ ಬರುತ್ತದೆ. ಅಂಥದ್ದೊಂದನ್ನು ಹಿಡಿದು, ಕಟಕಟೆಯನ್ನು ಜೊತೆಗೇ ಹೊತ್ತುಕೊಂಡ ಆರೋಪಿಯ ಹಾಗೆ, ಎರಡು ವರ್ಷ ಮನೆಯೆಲ್ಲ ಓಡಾಡಿದಳು. ಭುಜ ಊದಿಕೊಂಡ ಮೇಲೆ ಫಿಸಿಯೋಥೆರಪಿಸ್ಟ್, ಗಿಡ್ಡ ಅಳತೆಯದೇ ಆಗಬೇಕು ಎಂದರು. ಅದು ನಿಮ್ಮ ಅಂಗಡಿಯಲ್ಲಿ ಮಾತ್ರ ಇತ್ತು. 'ಇತ್ತು' ಎನ್ನುವ ಪದವನ್ನು ಸದ್ಯಕ್ಕೆ ಹಾಗೇ ಬಿಡೋಣ.

ಆರ್ಡರ್ ಒತ್ತಿದ ನಿಮಿಷಕ್ಕೇ ನಿಮ್ಮ ಸಂದೇಶ ಬಂತು: 'ನಿಮ್ಮ ಆರ್ಡರ್ ದೃಢಪಟ್ಟಿದೆ. ಗುರುವಾರ ನಿಮ್ಮ ಕೈಯಲ್ಲಿ.' ನನ್ನ ಮಗಳು ಅದನ್ನು ಅಜ್ಜಿಗೆ ಓದಿ ಹೇಳಿದಳು. ಎದುರುಮನೆಯ ನಿವೃತ್ತ ಬಸ್ ಕಂಡಕ್ಟರು, ಆರಡಿ ಆಳು, ಸೊಂಟ ಮುರಿದುಕೊಂಡು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು.

"ಹಳೇದನ್ನ ಅವರಿಗೆ ಕೊಟ್ಟು ಬಾರೋ," ಎಂದಳು ತಾಯಿ.

"ಹೊಸದು ಬರಲಿ ಇರಮ್ಮ."

"ಗುರುವಾರ ಅಂತ ಬರೆದೇ ಕೊಟ್ಟಿದಾರಲ್ಲ. ಇನ್ನೇನು ಅವರ ಹತ್ರ ಆಣೆ ಮಾಡಿಸ್ಬೇಕಾ?"

ಕೊಟ್ಟು ಬಂದೆ. ಬುಧವಾರ ನೀವು ರದ್ದು ಮಾಡಿದಿರಿ. ನಿಮ್ಮ ಪುಟದಲ್ಲಿ ಮಾತ್ರ ವಾಕರ್ ಹಾಗೇ ಹೊಳೆಯುತ್ತಿತ್ತು, ಕೆಳಗೆ ಕೆಂಪಕ್ಷರದಲ್ಲಿ 'ಇನ್ನೆರಡೇ ಉಳಿದಿವೆ, ತಡಮಾಡಬೇಡಿ'. ತಡಮಾಡಲಿಲ್ಲ. ಅದನ್ನೂ ರದ್ದು ಮಾಡಿದಿರಿ. ಆಮೇಲೆ ಆ ಪುಟ 'ಇನ್ನೊಂದೇ ಉಳಿದಿದೆ' ಎಂದಿತು; ಮೂರನೆಯ ಸಲ ಆರ್ಡರ್ ಒತ್ತಿದೆ. ಒಂದನ್ನೂ ಕೊಡದೆ ಎರಡನ್ನು ಒಂದು ಮಾಡುವ ಈ ಗೋದಾಮನ್ನು ಯಾವ ಮಂತ್ರವಾದಿ ನೋಡಿಕೊಳ್ಳುತ್ತಾನೆ, ಮಾನ್ಯರೇ? ರಂಗದ ಮೇಲೆ ಮಾಯಾವಿಗಳು ಹೊಗೆ ಎಬ್ಬಿಸಿಕೊಂಡು ಬರುವುದನ್ನು ಮುಂದಿನ ಸಾಲಿನ ಚಾಪೆಯಲ್ಲಿ ಕೂತು ನೋಡಿ ಬೆಳೆದವನು ನಾನು. ಇದ್ದದ್ದನ್ನು ಮಾಯ ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇಲ್ಲದ್ದನ್ನು ಮಾಯ ಮಾಡುವವರನ್ನು ಕಂಡದ್ದು ಇದೇ ಮೊದಲು.

ವಿಷಯ ತಿಳಿದ ಕಂಡಕ್ಟರು ಅದೇ ವಾಕರ್ ಊರಿಕೊಂಡು ನಮ್ಮ ಬಾಗಿಲಿಗೆ ಬಂದರು. "ಅಮ್ಮಾ, ನಿಮ್ದು ನೀವು ಇಟ್ಕೊಳ್ಳಿ. ನಾನು ಗೋಡೆ ಹಿಡ್ಕೊಂಡು ಓಡಾಡ್ತೀನಿ."

"ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ನಾನೇನು ಆನ್‌ಲೈನ್ ಅಂಗಡಿಯೇನಪ್ಪಾ? ನೀವು ನೆಟ್ಟಗೆ ಹೆಜ್ಜೆ ಹಾಕೋದು ನೋಡಿ."

ಹೀಗೆ ಅವರು ಬೀದಿಯಲ್ಲಿ ಹೆಜ್ಜೆ ಹಾಕುತ್ತಾರೆ, ಇವಳು ಕಿಟಕಿಯಲ್ಲಿ ಕೂತು ನೋಡುತ್ತಾಳೆ. ಬಚ್ಚಲಿಗೆ ತಾನೇ ಹೋಗಿ ಬರುತ್ತಿದ್ದವಳು ಈಗ ನನ್ನ ತೋಳು ಹಿಡಿಯಬೇಕು. ಪದೇ ಪದೇ ಕರೆಯಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. ಇಷ್ಟಾದರೂ ನಾನು ಪತ್ರ ಬರೆಯುತ್ತಿರಲಿಲ್ಲ. ಆದರೆ ಮೊದಲೆರಡು ಸಲ ಕಾರಣವನ್ನೇ ಹೇಳದವರು ಮೂರನೆಯ ಸಲ ಧಾರಾಳವಾದಿರಿ: 'ಗ್ರಾಹಕರ ಕೋರಿಕೆಯ ಮೇರೆಗೆ ಈ ಆರ್ಡರನ್ನು ರದ್ದುಪಡಿಸಲಾಗಿದೆ.' ಮಗಳು ಅದನ್ನೂ ಅಜ್ಜಿಗೆ ಗಟ್ಟಿಯಾಗಿ ಓದಿದಳು.

ತಾಯಿ ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ, ನನ್ನ ತೋಳು ಹಿಡಿದು ನಿಂತೇ ಕೇಳಿದಳು:

"ಬೇಡ ಅನ್ನೋದಾದ್ರೆ ನನಗೇ ಹೇಳಬಹುದಿತ್ತಲ್ಲೋ."

"ನಾನು ಬೇಡ ಅಂದಿಲ್ಲಮ್ಮ. ಅವರ ಹತ್ರ ಇಲ್ಲ, ಅಷ್ಟೇ."

"ಇಲ್ದೇ ಇರೋದನ್ನ ಯಾರಾದ್ರೂ ಮಾರ್ತಾರೇನೋ? ಇರಲಿ ಬಿಡು. ನಾನು ಇನ್ನೆಷ್ಟು ಓಡಾಡ್ಬೇಕು."

ಅವಳ ತರ್ಕದಲ್ಲಿ ತಪ್ಪೆಲ್ಲಿದೆ, ನೀವೇ ಹುಡುಕಿಕೊಡಿ. ನನಗೆ ಸಿಗಲಿಲ್ಲ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

"ಸರ್, ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದಿತು ಒಂದು ಹೆಣ್ಣು ದನಿ.

"ಇದೇ ನನ್ನ ಮೆಲ್ಲಗೆ, ತಾಯಿ. ರದ್ದು ಮಾಡಿ ಅಂತ ನಾನು ಯಾವಾಗ ಕೋರಿದೆ?"

"ನೀವು ಕೋರಿಲ್ಲ ಸರ್. ಆದ್ರೆ ರದ್ದು ಮಾಡೋಕೆ ಸಿಸ್ಟಮ್‌ನಲ್ಲಿ ಮೂರೇ ಕಾರಣ ಇರೋದು. ಸ್ಟಾಕ್ ಇಲ್ಲ ಅನ್ನೋದು ಅದರಲ್ಲಿಲ್ಲ."

"ಅದೂ ಸ್ಟಾಕ್ ಇಲ್ಲವೇನಮ್ಮ?"

ಆಕೆ ನಕ್ಕುಬಿಟ್ಟರು, ತಕ್ಷಣ ಕ್ಷಮೆ ಕೇಳಿದರು. ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆಂದು ನೀವೇ ಸಾರಿದ್ದೀರಿ, ತೆಗೆಸಿ ಕೇಳಿ. ನಕ್ಕದ್ದಕ್ಕೆ ಅವರಿಗೆ ನೋಟಿಸು ಕೊಡಬೇಡಿ. ನಿಮ್ಮ ಸಂಸ್ಥೆಯಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ.

ಇನ್ನು ನನ್ನ ಬೇಡಿಕೆ. ವಾಕರ್ ಕಳಿಸಬೇಡಿ. ನಮ್ಮ ಬೀದಿಯ ಕೊನೆಗೆ ಕಿಟಕಿ ಸರಳು ಬೆಸೆಯುವ ವೆಲ್ಡರ್ ಒಬ್ಬರಿದ್ದಾರೆ. ಹಗುರ ಪೈಪಿನಲ್ಲಿ ಎರಡೇ ದಿನಕ್ಕೆ ಮಾಡಿಕೊಡುತ್ತೇನೆ ಎಂದು ಅಳತೆ ಟೇಪು ಹಿಡಿದು ಮನೆಗೂ ಬಂದಿದ್ದರು. ತಾಯಿ ಎದ್ದು ನಿಲ್ಲಲಿಲ್ಲ. "ಬೇಡ ಅಂದಿದ್ದು ಗೊತ್ತಾಗೋಯ್ತಲ್ಲ, ಅದಕ್ಕೆ ಈಗ ಮುಲಾಜಿಗೆ ಮಾಡಿಸ್ತಿದಾನೆ," ಎಂದು ನನ್ನೆದುರೇ ಅವರಿಗೆ ಹೇಳಿದಳು. ವೆಲ್ಡರ್ ಟೇಪು ಸುತ್ತಿಕೊಂಡು ಹೋದರು. ಹೀಗೇ ಇನ್ನೊಂದು ವಾರ ಕೂತರೆ ಕಾಲಿನ ಬಲ ಮರಳುವುದು ಕಷ್ಟ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ.

ಆದ್ದರಿಂದ ಒಂದು ಕಾಗದ ಬರೆಯಿರಿ. ಫೋನಿಗಲ್ಲ, ಅಂಚೆಯಲ್ಲಿ. ನನಗಲ್ಲ, ನನ್ನ ತಾಯಿಗೆ. ಅಕ್ಷರ ದಪ್ಪಗಿರಲಿ, ಕೆಳಗೆ ನಿಮ್ಮ ಸಹಿ, ಮೊಹರು ಇರಲಿ. ನೀವು ಬರೆದದ್ದನ್ನೆಲ್ಲ ಅವಳು ಇಂದಿಗೂ ನಂಬುತ್ತಾಳೆ; ಅದೊಂದನ್ನೇ ನಂಬಿಕೊಂಡು ನಾನೂ ಕೇಳುತ್ತಿದ್ದೇನೆ. ಎರಡೇ ವಾಕ್ಯ ಸಾಕು: 'ಅಮ್ಮಾ, ನಿಮ್ಮ ಮಗ ಬೇಡವೆನ್ನಲಿಲ್ಲ. ನಮ್ಮಲ್ಲಿ ಇರಲಿಲ್ಲ.'

ಇಂತಿ,
ಕೋರದೆಯೇ ಕೋರಿಕೆ ಈಡೇರಿಸಿಕೊಂಡ
ನಿಮ್ಮ ಗ್ರಾಹಕ