ಐಸ್‌ಕ್ರೀಮ್ ಡಬ್ಬಿಗಳಲ್ಲಿ ನೀಲಿ ಗಸಗಸೆ

ಹೆರ್ನೆಸಾಂಡ್
ಮೇ ತಿಂಗಳ ಕೊನೆಯ ಭಾನುವಾರ

ಪ್ರೀತಿಯ ಯೋರ್ಡಿಸ್ ಅಕ್ಕಾ,

ನಿಮ್ಮ ಮಂಡಿನೋವು ಈಗ ಮೆಟ್ಟಿಲು ಹತ್ತಲು ಬಿಡುತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಈಸ್ಟರ್ ಹೊತ್ತಿಗೆ ನೀವು ಬರೆದ ಕಾಗದಕ್ಕೆ ಈಗ ಉತ್ತರ. ಕೇಳಿದ್ದು ಒಂದೇ ಮಾತು: ನಿಮ್ಮ ತಂಗಿಯ ನೀಲಿ ಗಸಗಸೆ ಹೂಗಿಡ ಮೊಳೆಯಿತಾ ಎಂದು. ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ನಾನು ಯಾವತ್ತು ಒಂದು ಸಾಲಿಗೆ ನಿಂತವನು?

ಮೊಳೆತಿವೆ ಅಕ್ಕಾ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಕಾಫಿ ಹಾಕಿಕೊಂಡು ನಿಧಾನವಾಗಿ ಓದಿ.

ಗುನ್ವೋರ್ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ಬೀಜದ ಪೊಟ್ಟಣ ನನ್ನ ಕೈಗಿಟ್ಟು, "ಹೊಸ ವರ್ಷ ಕಳೀಲಿ, ಡಬ್ಬೀಲಿ ಬಿತ್ತಿ ತೋಟದ ಹಿಮದಲ್ಲಿಡು. ಪಾಪ ಅನ್ನಿಸ್ತು ಅಂತ ಒಳಗೆ ತಂದೀಯ, ಹುಷಾರ್!" ಅಂದಿದ್ದಳು. ತಾಯಿಗಿಡ ಹೂ ಬಿಟ್ಟು ಸತ್ತುಹೋಗಿತ್ತು. ಆ ಬೀಜವೋ, ಚಳಿ ಉಣ್ಣದೆ ಮೊಳೆಯುವುದಿಲ್ಲ, ಮರುವರ್ಷಕ್ಕೆ ಇಟ್ಟರೆ ಜೀವ ಉಳಿಸಿಕೊಳ್ಳುವುದಿಲ್ಲ. ಈ ವಸಂತದಲ್ಲಿ ಬರದಿದ್ದರೆ ಅವಳು ಬೆಳೆಸಿದ ನೀಲಿ ಅಲ್ಲಿಗೆ ಮುಗಿದಂತೆ.

ಡಬ್ಬಿಗಳಿಗೇನು ಬರ? ಅವಳ ಫ್ರೀಜರ್ ನಿಮಗೆ ಗೊತ್ತಲ್ಲ. ಮುಚ್ಚಳದ ಮೇಲೆ ವೆನಿಲ್ಲಾ, ಒಳಗೆ ಸಬ್ಬಸಿಗೆ ಸೊಪ್ಪು. ಸ್ಟ್ರಾಬೆರಿ ಅಂದರೆ ಮೀನು. ಹಾಗೆ ಕೂಡಿಟ್ಟ ಐಸ್‌ಕ್ರೀಮ್ ಡಬ್ಬಿಗಳ ತಳಕ್ಕೂ ಮುಚ್ಚಳಕ್ಕೂ ಬಿಸಿ ಮೊಳೆಯಿಂದ ತೂತು ಮಾಡಿ, ಒದ್ದೆ ಮಣ್ಣು ತುಂಬಿ, ಮೇಲೆ ಬೀಜ ಉದುರಿಸಿದೆ. ಮೆಣಸಿನ ಪುಡಿಯ ಕಣದಷ್ಟಿತ್ತು ಒಂದೊಂದೂ. ಸದಸ್ಯರಿಗೆಲ್ಲ ತುಂಡುತುಂಡಾಗಿ ಹಂಚಿಕೊಟ್ಟ ಸಂಘದ ತೋಟದಲ್ಲಿ, ಅವಳ ಪಾಲಿನ ತುಂಡುನೆಲದಲ್ಲಿ, ಮೊಣಕಾಲುದ್ದ ಹಿಮದೊಳಗೆ ಇಟ್ಟು ಬಂದೆ. ಪಕ್ಕದ ತುಂಡಿನ ಸೆಮ್ಹಾರ್, ಎರಿಟ್ರಿಯಾದಿಂದ ಬಂದ ಹುಡುಗಿ, "ಏನಜ್ಜಾ, ಊಟ ಹೂಳ್ತಿದೀರಾ?" ಅಂತ ಇಂಗ್ಲಿಷಿನಲ್ಲಿ ಕೇಳಿ ನಕ್ಕಳು. ನನ್ನ ಕಾಲೇಜಿನ ಇಂಗ್ಲಿಷು ಅರ್ಧ ಸತ್ತು ಎಷ್ಟೋ ಕಾಲವಾಯಿತು. ಆದರೂ "ಸ್ಲೀಪಿಂಗ್, ನಾಟ್ ಡೆಡ್" ಅಂದೆ. ವ್ಯಾಕರಣದ ಮೇಷ್ಟ್ರು ಕೇಳಿಸಿಕೊಂಡಿದ್ದರೆ ಕಿವಿ ಹಿಂಡುತ್ತಿದ್ದರು. ಅವಳಿಗೆ ಅರ್ಥವಾಯಿತು.

ಇನ್ನು ಹೇಳಲು ಕಷ್ಟದ ಭಾಗ. ಏಪ್ರಿಲಿನಲ್ಲಿ ತೋಟದವರೆಲ್ಲ ಸೇರಿ ಕಸ ತೆಗೆಯುವ ಸ್ವಚ್ಛತೆಯ ದಿನ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಎದುರು ತುಂಡಿನ ಸಿಕ್ಸ್ಟೆನ್ ಬೇಲಿ ಹತ್ತಿರ ಕಾಯುತ್ತಿದ್ದ. ಮುಖ ಹೊಳೆಯುತ್ತಿತ್ತು. "ನಿನ್ ಪಾಲಿಂದೂ ಮುಗಿಸಿಬಿಟ್ಟೆ ಕಣಯ್ಯಾ! ಹೆಂಡ್ತಿ ಹೋದ್ಮೇಲೆ ನೀನು ಕಸ ಎಸೆಯೋದನ್ನೇ ಮರೆತಿದೀಯ. ಆ ಕೊಳಕು ಡಬ್ಬಿಗಳ ಮಣ್ಣನ್ನ ಗೊಬ್ಬರದ ಗುಡ್ಡೆಗೆ ಕೊಡವಿ, ಬಿಸಿನೀರಲ್ಲಿ ತೊಳೆದು, ಮುಚ್ಚಳ ಬೇರೆ ಡಬ್ಬಿ ಬೇರೆ ಮಾಡಿ ಪ್ಲಾಸ್ಟಿಕ್ ತೊಟ್ಟಿಗೆ ಹಾಕಿದೀನಿ."

ನಾನು ಏನು ಮಾಡಿದೆ ಹೇಳಿ ನೋಡೋಣ. "ತುಂಬಾ ಉಪಕಾರ ಆಯ್ತು" ಅಂದೆ! ಕೂತು ಅವನ ಕಾಫಿ ಕುಡಿದೆ, ದಾಲ್ಚಿನ್ನಿ ಬನ್ನು ತಿಂದೆ, ಚೆನ್ನಾಗಿದೆ ಅಂತಲೂ ಹೇಳಿದೆ. ನಮ್ಮ ಕಡೆಯವರು ಕಾಲ ಮೇಲೆ ಮರ ಬಿದ್ದರೂ ಮರಕ್ಕೆ ಪೆಟ್ಟಾಯಿತೇ ಎಂದು ವಿಚಾರಿಸುವವರು.

ಅವನು ಮನೆಗೆ ಹೋದ ಮೇಲೆ ಗುಡ್ಡೆಯ ಮುಂದೆ ಮಂಡಿಯೂರಿದೆ. ಅಷ್ಟರಲ್ಲಿ ಎಲ್ಲರೂ ತರಗೆಲೆ ಸುರಿದು ಕವಲುಗೋಲಿನಿಂದ ತಿರುವಿ ಹಾಕಿದ್ದರು. ಚಮಚದಲ್ಲಿ ಕೆದಕುತ್ತಿದ್ದೆ. ಟೋಪಿ ಮರೆತಿದ್ದ ಸಿಕ್ಸ್ಟೆನ್ ವಾಪಸು ಬಂದು, "ಏನೋ ಅದು, ಹೊಸ ಹಲ್ಲು ಬೀಳಿಸ್ಕೊಂಡ್ಯಾ?" ಅಂದ. ಹೇಳಲೇಬೇಕಾಯಿತು. ಹೇಳಿದೆ.

"ಅಯ್ಯೋ ಪೆದ್ದ, ಅಲ್ಲೇ ಬಾಯಿ ಬಿಟ್ಟು ಬೈಯೋಕೆ ಏನಾಗಿತ್ತೋ ನಿಂಗೆ?" ಅಂತ ಕೂಗಿದ. ಆಮೇಲೆ ತೋಟದ ಗಂಟೆ ಹೊಡೆದ. ಬೆಂಕಿ ಬಿದ್ದರೆ ಮಾತ್ರ ಹೊಡೆಯುವ ಗಂಟೆ ಅದು!

ಜನ ಓಡಿ ಬಂದರು. ಇಷ್ಟೇನಾ ಅಂತ ಯಾರೂ ಅನ್ನಲಿಲ್ಲ. ಸೆಮ್ಹಾರ್ ತನ್ನ ತುಂಡಿಗೆ ಹೋಗಿ ಮೊಸರಿನ ಬಕೆಟ್ಟು ತಂದಳು. ಇನ್ನೊಬ್ಬರು ಕೇಕಿನ ಡಬ್ಬಿ, ಮತ್ತೊಬ್ಬರು ಸಲಾಡ್ ಪೆಟ್ಟಿಗೆ, ಸಿಕ್ಸ್ಟೆನ್ ಅಂಗಡಿಯಿಂದ ಅಣಬೆ ಬಂದಿದ್ದ ತಟ್ಟೆ. ಖಾಲಿ ಪ್ಲಾಸ್ಟಿಕ್ ಬಿಸಾಡದ ಮನೆಯೇ ಇಲ್ಲ ಅಂದುಕೊಂಡಿದ್ದೆ. ಎಲ್ಲರ ತೋಟದ ಗುಡಿಸಲಲ್ಲೂ ಬಚ್ಚಿಟ್ಟ ರಾಶಿ! ಗುಡ್ಡೆಯ ಮೇಲ್ಪದರವನ್ನು ಪ್ರಸಾದದ ಹಾಗೆ ಹಂಚಿಕೊಂಡು, ಡಬ್ಬಿಗೆ ತುಂಬಿ, ತೂತು ಮಾಡಿ, ತಂತಮ್ಮ ತುಂಡಿನಲ್ಲಿ ಇಟ್ಟುಕೊಂಡರು. ಮಾರನೆಯ ದಿನ ಕಾಲ ಮೀರಿದ ಹಿಮ ಬಿತ್ತು. ಎಲ್ಲಾ ಬೆಳ್ಳಗೆ ಮುಚ್ಚಿಹೋಯಿತು.

ಆಮೇಲೆ ನಾವು ಮಾಡಿದ್ದು ಏನೂ ಇಲ್ಲ. ನನ್ನನ್ನು ಬೆರಗುಗೊಳಿಸಿದ್ದು ಅದೇ. ಬಿಸಿಲು ಬಂದರೆ ಮಣ್ಣಿನ ಉಸಿರು ಮುಚ್ಚಳಕ್ಕೆ ತಾಕಿ ಹನಿಗಟ್ಟುತ್ತದೆ, ತಣ್ಣಗಾದರೆ ಉದುರುತ್ತದೆ. ಅಂಗೈಯಗಲದ ಒಂದು ಆಕಾಶ, ಅದಕ್ಕೆ ಅದರದೇ ಮಳೆ. ಬೆಲೆಚೀಟಿ ಇನ್ನೂ ಅಂಟಿಕೊಂಡಿರುವ ಡಬ್ಬಿಯಲ್ಲಿ!

ಹೋದ ವಾರ ಸಿಕ್ಸ್ಟೆನ್ ನನ್ನ ಕಿಟಕಿ ಬಡಿದ. ತೋಳು ಹಿಡಿದು ಎಳೆದುಕೊಂಡು ಹೋದ. ಅವನ ಅಣಬೆಯ ತಟ್ಟೆಯಲ್ಲಿ ಕಳೆಗಳ ನಡುವೆ ಎರಡು ಸಣ್ಣ ಎಲೆ, ಮೈತುಂಬ ಹೊಂಬಣ್ಣದ ರೋಮ. ರೋಮದ ತುದಿತುದಿಗೂ ಒಂದೊಂದು ಹನಿ. ಅದನ್ನು ಹೆಪ್ಪುಗಟ್ಟಿಸಿದ್ದೆವು, ಕೊಡವಿದ್ದೆವು, ಕವಲುಗೋಲಿನಿಂದ ತಿರುವಿದ್ದೆವು. ಅದು ಯಾರ ಮೇಲೂ ಮುನಿಸಿಕೊಳ್ಳದೆ ಎದ್ದು ನಿಂತಿತ್ತು. ನಾವಿಬ್ಬರೂ ಮುದುಕರು ಟೋಪಿ ತೆಗೆದೆವು. ಯಾಕೆ ಅಂತ ಕೇಳಬೇಡಿ. "ಉಸಿರು ಬಿಡಬೇಡ್ವೋ, ಅದ್ರ ಮೇಲೆ ಬೀಳುತ್ತೆ" ಅಂದ ಅವನು. ಸಂಜೆಯೊಳಗೆ ಸೆಮ್ಹಾರಳ ಬಕೆಟ್ಟಿನಲ್ಲಿ ಮೂರು ಕಂಡವು. ಮೇಲಿನ ಸಾಲಿನ ತುಂಡುಗಳಿಂದಲೂ ಕೂಗು ಕೇಳಿಸಿತು.

ಹೂವಿಗೆ ಮುಂದಿನ ಬೇಸಿಗೆಯಾದರೂ ಬೇಕು. ಅಷ್ಟರೊಳಗೆ ಮಂಡಿ ಸರಿಮಾಡಿಕೊಂಡು ಬನ್ನಿ.

ನಿಮ್ಮ ತಂಗಿಯ ಗಂಡ, ವಾಚಾಳಿ
ಆಲ್ಗೋಟ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನನ್ನ ತುಂಡಿನ ಡಬ್ಬಿಗಳಲ್ಲಿ ಒಂದೂ ಬಂದಿಲ್ಲ ಅಕ್ಕಾ, ಬರೀ ಕಳೆ. ಸಿಕ್ಸ್ಟೆನ್ ತನ್ನ ತಟ್ಟೆಯನ್ನೇ ತಂದು ಮುಂದೆ ಹಿಡಿದ. ಅಲ್ಲೇ ಇರಲಿ ಅಂದೆ. ಈಗ ಗುನ್ವೋರಳನ್ನು ನೋಡಬೇಕು ಅನ್ನಿಸಿದಾಗಲೆಲ್ಲ ಯಾರದಾದರೂ ಬೇಲಿಬಾಗಿಲು ತಟ್ಟಬೇಕು. ತಟ್ಟುತ್ತೇನೆ. ಎಲ್ಲರೂ ತೆಗೆಯುತ್ತಾರೆ.