ಮದ್ದಿನ ಹೊದಿಕೆ

ಮೂಡುಬಿದಿರೆ
9-8-2005

ಪ್ರಿಯ ಹಾರಿಸ್,

ನಾನೂ ಮಗಳು ಸಾಧನಾಳೂ ಕ್ಷೇಮ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಅಂಗಡಿಯ ಕೆಲಸವನ್ನು ದೂರಬಹುದಿತ್ತು, ಆದರೆ ಈ ಮಳೆಯಲ್ಲಿ ಬಟ್ಟೆ ಅಂಗಡಿಗೆ ಯಾರು ಬರುತ್ತಾರೆ? ಬರೆಯಲು ಕೈ ಓಡಲಿಲ್ಲ, ಅಷ್ಟೆ. ಕ್ಷಮಿಸು.

ಕಳೆದ ವಾರ ಬಂಟ್ವಾಳಕ್ಕೆ ಹೋದಾಗ ನಿಮ್ಮ ಮನೆಗೂ ಹೋಗಿದ್ದೆ. ನೇತ್ರಾವತಿ ಉಕ್ಕಿ ಪೇಟೆಯೊಳಗೆ ಒಮ್ಮೆ ಬಂದು ಹೋಗಿದ್ದಾಳೆ, ನಿಮ್ಮ ಮೆಟ್ಟಿಲಿಗೆ ತಾಗಿಲ್ಲ. ನಿನ್ನ ಉಮ್ಮ ಗಟ್ಟಿಯಾಗಿದ್ದಾರೆ. "ಅವನ ಮದ್ದು ಯಾವಾಗ ಬರ್ತದೆ ಮಗಾ? ಇಲಿಗಳಿಗೆ ಕೊಟ್ಟದ್ದು ಸಾಕು, ಮನುಷ್ಯರಿಗೂ ಸ್ವಲ್ಪ ಕೊಡ್ಲಿಕ್ಕೆ ಹೇಳು" ಎಂದರು. ಪುಣೆಯ ವಿಜ್ಞಾನಿಗೆ ಬಂಟ್ವಾಳದಿಂದ ಬಂದ ಆದೇಶ, ನೆನಪಿರಲಿ.

ನಿನ್ನ ಕೆಲಸದ ಬಗ್ಗೆ ಬರೆದದ್ದನ್ನು ಮೂರು ಸಲ ಓದಿದೆ. ಕ್ಯಾನ್ಸರಿನ ಮದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣದೊಳಗೆ ತುಂಬಿಸಿ ಗಡ್ಡೆ ಇದ್ದಲ್ಲಿಗೇ ಕಳಿಸುವುದು. ಅಲ್ಲಿ ಮುಟ್ಟುವವರೆಗೆ ಹೊದಿಕೆ ಬಿಚ್ಚಬಾರದು. "ಮದ್ದು ಹಳೆಯದೇ ಮಾರಾಯ, ನಮ್ಮ ಕಷ್ಟವೆಲ್ಲ ಹೊದಿಕೆಯದ್ದು" ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ಕಾಗದ ಮಡಚಿಟ್ಟೆ.

ಸಾಧನಾಳ ಅಮ್ಮ, ನನ್ನ ಪದ್ಮಲತಾ, ತೀರಿಕೊಂಡು ವರ್ಷವಾಯಿತು. ಮಂಗಳೂರಿನ ಡಾಕ್ಟರು ಅವಳ ಗಡ್ಡೆಗೆ ಕೊಟ್ಟ ಕ್ಯಾಪ್ಸೂಲಿನ ಸಿಪ್ಪೆಯನ್ನು ಪ್ರಾಣಿಗಳ ಎಲುಬಿನಿಂದ ಮಾಡುತ್ತಾರೆಂದು ಬಸದಿಯಲ್ಲಿ ಯಾರೋ ಹೇಳಿದರು. ನಾವು ಜೈನರು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳಿಗೆ ಅದು ಒಗ್ಗಲಿಲ್ಲ. ಹಾಗಾಗಿ ಐದು ತಿಂಗಳು, ದಿನಾ ಸೂರ್ಯಾಸ್ತಕ್ಕೆ ಮೊದಲು, ನಾನೇ ಕ್ಯಾಪ್ಸೂಲು ಬಿಡಿಸಿ ಪುಡಿಯನ್ನು ನೀರಿನಲ್ಲಿ ಕದಡಿ ಕೊಡುತ್ತಿದ್ದೆ. ಸಿಪ್ಪೆ ಎಸೆಯುತ್ತಿದ್ದೆ. ಕಹಿಗೆ ಎಷ್ಟೋ ದಿನ ಅರ್ಧ ವಾಂತಿಯಾಗುತ್ತಿತ್ತು. ಡಾಕ್ಟರಿಗೆ ಹೇಳಲಿಲ್ಲ. ನಗುತ್ತಾರೆಂದು ನಾಚಿಕೆ.

ಅವಳದ್ದು ಸಾಧಾರಣ ಕ್ಯಾಪ್ಸೂಲು, ನಿನ್ನ ಕಣವಲ್ಲ ಎಂದು ಗೊತ್ತು. ಮಿಂಚಿದ್ದಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ, ಹೇಳುವವರಿಗೇನು? ಹಾಗೆಯೇ ನುಂಗಿದ್ದರೆ ಉಳಿಯುತ್ತಿದ್ದಳೇ ಹಾರಿಸ್? ನನ್ನ ಸಮಾಧಾನಕ್ಕೆಂದು ಬರೆಯಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆ.

ರಶೀನಾಳಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ನಿನ್ನ ಮದ್ದು ಬೇಗ ರೋಗಿಗಳ ಕೈ ಸೇರಲಿ.

ನಿನ್ನ
ವಿಜಯರಾಜ

ಮ.ವಿ.: ಅವಳಿಗೆ ಒಗ್ಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಇಡೀ ವರ್ಷ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಮೊದಲ ದಿನವೇ ಪದ್ಮಲತಾ ಕೈಚಾಚಿ, "ಕೊಡಿ, ಹಾಗೇ ನುಂಗ್ತೇನೆ. ಪಾಪ ಬಂದ್ರೆ ನನಗೇ ಬರ್ಲಿ, ನನಗಿನ್ನೂ ಬದುಕ್ಲಿಕ್ಕುಂಟು" ಎಂದಿದ್ದಳು. ನಾನೇ ಕೊಡಲಿಲ್ಲ.